"ರದ್ದಾಗುವವರೆಗೆ ಕಾಯಿರಿ" ಎಂದು ನಾನು ಹೇಳಿದ ದಿನ

ನಾನು ಅಮೆರಿಕದಲ್ಲಿ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಕೆಲಸ ಮಾಡುತ್ತೇನೆ. ಟಿಕೆಟ್ ಬುಕ್ ಮಾಡುವುದಕ್ಕಿಂತ ಬದಲಿಸಿಕೊಡುವ ಕೆಲಸವೇ ಜಾಸ್ತಿ. ಇಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಜುಲೈ 4ರ ಸ್ವಾತಂತ್ರ್ಯ ದಿನದ ರಜೆ, ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ, ಕೊನೆಗೆ ನವೆಂಬರ್ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಎಲ್ಲವೂ ಆ ಆರು ತಿಂಗಳೊಳಗೇ ಬರುತ್ತವೆ.

2024ರ ಜುಲೈ 5, ಶುಕ್ರವಾರ. ಬೆರಿಲ್ ಚಂಡಮಾರುತ ಮೆಕ್ಸಿಕೋದ ಯುಕಟಾನ್ ದಾಟುತ್ತಿತ್ತು. ಡೆನ್ವರ್‌ಗೆ ರಜೆಗೆಂದು ಹೋಗಿದ್ದ ಒಬ್ಬ ಮಹಿಳೆ ಫೋನ್ ಮಾಡಿದರು. ಸೋಮವಾರ ಟೆಕ್ಸಾಸ್‌ನ ಹ್ಯೂಸ್ಟನ್‌ಗೆ, ತಮ್ಮ ಊರಿಗೆ, ವಾಪಸ್ ಬರಬೇಕಿತ್ತು. ಭಾನುವಾರಕ್ಕೇ ಬದಲಿಸೋಣವಾ ಎಂದು ಕೇಳಿದರು. ನಾನು ಚಂಡಮಾರುತದ ಮುನ್ಸೂಚನೆಯ ನಕ್ಷೆ ನೋಡಿದೆ. ಚಂಡಮಾರುತ ಸಾಗುವ ದಾರಿ ಎಂದು ಎಳೆದ ಮಧ್ಯದ ಗೆರೆ ಟೆಕ್ಸಾಸ್‌ನ ದಕ್ಷಿಣ ಕರಾವಳಿಯ ಕಡೆಗಿತ್ತು, ಹ್ಯೂಸ್ಟನ್‌ನಿಂದ ದೂರ. ಅವರ ವಿಮಾನ ಸರಿಯಾದ ಸಮಯಕ್ಕೇ ಇದೆ ಎಂದು ಕಂಪ್ಯೂಟರ್ ತೋರಿಸುತ್ತಿತ್ತು. "ಸುಮ್ನೆ ದುಡ್ಡು ಯಾಕೆ ಕೊಡ್ತೀರಿ, ರದ್ದಾದರೆ ನೋಡೋಣ, ಕಾಯಿರಿ" ಎಂದೆ.

ಶನಿವಾರ ಆ ವಿಮಾನ ಕಂಪನಿ ವೇವರ್ ತೆರೆಯಿತು. ಅಂದರೆ ಚಂಡಮಾರುತದ ದಾರಿಯಲ್ಲಿರುವ ಊರುಗಳ ಟಿಕೆಟ್ಟನ್ನು ಹೆಚ್ಚು ಹಣ ಕೊಡದೆ ಬೇರೆ ದಿನಕ್ಕೆ ಬದಲಿಸಬಹುದು. ನಾನು ಅದನ್ನು ನೋಡಿದ್ದು ಭಾನುವಾರ ಬೆಳಿಗ್ಗೆ. ಅಷ್ಟರಲ್ಲಿ ಭಾನುವಾರದ ಸೀಟೆಲ್ಲ ಹೋಗಿತ್ತು. ಗೆರೆ ಉತ್ತರಕ್ಕೆ, ಹ್ಯೂಸ್ಟನ್ ಕಡೆಗೆ ಸರಿದಿತ್ತು. ಸೋಮವಾರ ಬೆಳಗಿನ ಜಾವ ಬೆರಿಲ್ ಟೆಕ್ಸಾಸ್ ಕರಾವಳಿಯ ಮಾಟಗೋರ್ಡಾ ಹತ್ತಿರ ನೆಲಕ್ಕೆ ಬಡಿಯಿತು. ಅವರ ವಿಮಾನ ರದ್ದಾಯಿತು. ಹ್ಯೂಸ್ಟನ್ ಸುತ್ತಮುತ್ತ 20 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು.

ಆಮೇಲೆ ಗೊತ್ತಾಯಿತು, ಮನೆಯಲ್ಲಿ ಅವರ ವಯಸ್ಸಾದ ತಾಯಿ ಇದ್ದರು. ನೋಡಿಕೊಳ್ಳುವವರು ಸೋಮವಾರದವರೆಗೆ ಮಾತ್ರ ಒಪ್ಪಿದ್ದರು. ನಾನು ಕೇಳಿರಲಿಲ್ಲ. ಮಗಳು ಮನೆ ಸೇರಿದ್ದು ಬುಧವಾರ ರಾತ್ರಿ. ಜುಲೈ ಸೆಕೆಯಲ್ಲಿ, ಫ್ಯಾನೂ ಇಲ್ಲದ ಮನೆಯಲ್ಲಿ ಆ ತಾಯಿ ಎರಡು ದಿನ ಪಕ್ಕದ ಮನೆಯವರನ್ನೇ ನಂಬಿಕೊಂಡು ಇದ್ದರು. ಅವರು ಚೆನ್ನಾಗಿದ್ದಾರೆ. ಆದರೂ ಆ ಎರಡು ದಿನ ನನಗೆ ಇವತ್ತಿಗೂ ನೆನಪಾಗುತ್ತದೆ.

ಈಗ ನಕ್ಷೆ ತೆರೆಯುವ ಮೊದಲೇ ಕೇಳುತ್ತೇನೆ: ನೀವು ಹೋಗಲೇಬೇಕಾ? ಅಲ್ಲಿ ಯಾರು ಕಾಯುತ್ತಿದ್ದಾರೆ? ಉತ್ತರಕ್ಕೆ ತಕ್ಕಂತೆ ಸಲಹೆ ಪೂರ್ತಿ ತಿರುಗುತ್ತದೆ. ಹೋಗಲೇಬೇಕು ಎಂದರೆ ವೇವರ್ ತೆರೆದ ಗಂಟೆಯಲ್ಲೇ ಬದಲಿಸಿಬಿಡಬೇಕು. ಪ್ರವಾಸ ಬಿಟ್ಟರೂ ನಡೆಯುತ್ತದೆ ಎನ್ನುವವರು ಮಾತ್ರ ಕಾಯಬೇಕು, ಅವರಾಗಿಯೇ ಟಿಕೆಟ್ ರದ್ದು ಮಾಡಬಾರದು. ಕಂಪನಿಯೇ ವಿಮಾನ ರದ್ದು ಮಾಡಿದರೆ, ಬದಲಿ ವಿಮಾನ ಬೇಡ ಎಂದವರಿಗೆ ಹಣ ವಾಪಸ್ ಕೊಡಲೇಬೇಕು. ದೇಶದೊಳಗಿನ ವಿಮಾನ 3 ಗಂಟೆ, ಹೊರದೇಶದ್ದು 6 ಗಂಟೆ ತಡವಾದರೂ ಅದೇ ಹಕ್ಕಿದೆ ಎಂದು 2024ರಲ್ಲಿ ಬಂದ ನಿಯಮ ಹೇಳುತ್ತದೆ. ಹೋಟೆಲ್ ಖರ್ಚು ಮಾತ್ರ ಬೇರೆ ಮಾತು. ಹವಾಮಾನದಿಂದ ರದ್ದಾದರೆ ಅದನ್ನು ಕೊಡಲೇಬೇಕು ಅಂತೇನಿಲ್ಲ.

ನಕ್ಷೆಯನ್ನು ಓದುವ ರೀತಿಯೂ ಬದಲಾಗಿದೆ. ಮಯಾಮಿಯ ರಾಷ್ಟ್ರೀಯ ಚಂಡಮಾರುತ ಕೇಂದ್ರ ಆರು ಗಂಟೆಗೊಮ್ಮೆ ಹೊಸ ಮುನ್ಸೂಚನೆ ಕೊಡುತ್ತದೆ. ಬೇಸಿಗೆಯಲ್ಲಿ ಅದು ಟೆಕ್ಸಾಸ್ ಸಮಯದ 4 ಮತ್ತು 10 ಗಂಟೆಗೆ, ಹಗಲೂ ರಾತ್ರಿಯೂ. ಅದರ ನಕ್ಷೆಯಲ್ಲಿ ಕಾಣುವ ಬಿಳಿ ಕೋನ್, ಅಂದರೆ ಮುಂದೆ ಹೋದಂತೆ ಅಗಲವಾಗುವ ಆಕಾರ, ಗಾಳಿಯ ಅಗಲ ಅಲ್ಲ. ಚಂಡಮಾರುತದ ನಡು ಎಲ್ಲೆಲ್ಲಿ ಹಾದುಹೋಗಬಹುದು ಎಂಬ ಅಂದಾಜು ಅಷ್ಟೇ. ಮೂರರಲ್ಲಿ ಒಂದು ಸಲ ನಡುವೇ ಆ ಕೋನ್‌ನಿಂದ ಹೊರಗೆ ಹೋಗುತ್ತದೆ. ನಾನು ಆ ದಿನ ಒಂದು ಗೆರೆಯನ್ನು ನಂಬಿದ್ದೆ.

ಮಳೆ ನಿಂತ ಕೂಡಲೇ ವಿಮಾನ ಹಾರುತ್ತದೆ ಅಂತಲೂ ಅಲ್ಲ. ಗಾಳಿಗೆ ಮೊದಲೇ ಕಂಪನಿಗಳು ವಿಮಾನಗಳನ್ನು ಬೇರೆ ಊರಿಗೆ ಸಾಗಿಸಿರುತ್ತವೆ. ಅವು ವಾಪಸ್ ಬರಬೇಕು. ಪೈಲಟ್‌ಗಳ ಕೆಲಸದ ಗಂಟೆಗೆ ಮಿತಿ ಇದೆ. ನಿಲ್ದಾಣದ ಸಿಬ್ಬಂದಿಯ ಮನೆಗೂ ನೀರು ನುಗ್ಗಿರುತ್ತದೆ, ಅಲ್ವಾ? ರಜೆಯ ವಾರದಲ್ಲಿ ಮುಂದಿನ ವಿಮಾನಗಳೂ ತುಂಬಿರುತ್ತವೆ. ಹಾಗಾಗಿ ಒಂದು ದಿನ ರದ್ದಾದರೆ ಮೂರು ದಿನದ ಲೆಕ್ಕ ಹಾಕಿ ಎನ್ನುತ್ತೇನೆ. ಔಷಧಿಯನ್ನೂ ಅಷ್ಟು ದಿನಕ್ಕೆ ಹೆಚ್ಚಾಗಿ, ಕೈಚೀಲದಲ್ಲೇ ಇಟ್ಟುಕೊಳ್ಳಲು ಹೇಳುತ್ತೇನೆ. ವಿಮೆ ಬೇಕಿದ್ದರೆ ಟಿಕೆಟ್ ಜೊತೆಗೇ ತೆಗೆದುಕೊಳ್ಳಬೇಕು. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಸಾಮಾನ್ಯವಾಗಿ ಆ ಚಂಡಮಾರುತಕ್ಕೆ ನಡೆಯುವುದಿಲ್ಲ.

ಆ ಮಹಿಳೆ ಥ್ಯಾಂಕ್ಸ್‌ಗಿವಿಂಗ್ ಟಿಕೆಟ್‌ಗೂ ನನಗೇ ಫೋನ್ ಮಾಡಿದರು. ನಾನು ಮೊದಲು ಅವರ ತಾಯಿಯ ಬಗ್ಗೆ ಕೇಳಿದೆ. ಈ ಸಲ ಅಮ್ಮನೂ ಜೊತೆಗೆ ಬರುತ್ತಾರೆ, ಎರಡು ಸೀಟು ಒಟ್ಟಿಗೇ ಬೇಕು ಎಂದರು.