ಕಾಶಿಯಲ್ಲಿ ಅಮ್ಮ ಹುಷಾರು ತಪ್ಪಿದಾಗ: ಹೆಲ್ತ್ ಇನ್ಶೂರೆನ್ಸ್ ನಂಬಿ ಹೊರಡುವವರಿಗೆ

ಇನ್ಶೂರೆನ್ಸ್ ಕಂಪನಿಯ ಆಪ್‌ನಲ್ಲಿ ಆಸ್ಪತ್ರೆಯ ಹೆಸರಿದೆ, ಹಾಗಾಗಿ ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವುದು) ಸಿಕ್ಕೇ ಸಿಗುತ್ತದೆ ಎಂದು ನಂಬಿ ವಯಸ್ಸಾದವರನ್ನು ಕಾಶಿಗೆ ಕರೆದುಕೊಂಡು ಹೋಗಬೇಡಿ. ದರ್ಶನ, ಗಂಗಾರತಿ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಆಸ್ಪತ್ರೆಯ ಕಥೆ ಮಾತ್ರ ಹೇಳುತ್ತೇನೆ.

ಮೇ ತಿಂಗಳ ಬಿಸಿಲು. ಅಮ್ಮನಿಗೆ ಬಿಪಿ ಬೇರೆ ಇದೆ. ಬೆಳಿಗ್ಗೆ ವಾಂತಿ, ಭೇದಿ ಶುರುವಾಗಿ ಮಧ್ಯಾಹ್ನದ ಹೊತ್ತಿಗೆ ಎದ್ದು ಕೂರಲೂ ಆಗದಷ್ಟು ಸುಸ್ತಾದರು. ನಮ್ಮ ರೂಮು ಗೊದೌಲಿಯಾ ಹತ್ತಿರದ ಗಲ್ಲಿಯೊಳಗೆ. ದೇವಸ್ಥಾನಕ್ಕೆ ಹತ್ತಿರ ಎಂದು ದುಬಾರಿ ಬಾಡಿಗೆ ಕೊಟ್ಟಿದ್ದೆವು. ಅಲ್ಲಿಗೆ ಆಟೋ ಬರುವುದಿಲ್ಲ. ಜನರ ನೂಕುನುಗ್ಗಲಿನಲ್ಲಿ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬಂದೆವು. ಹಿರಿಯರು ಜೊತೆಗಿದ್ದರೆ ಬಾಗಿಲಿಗೆ ಗಾಡಿ ಬರುವ ಕಡೆಯೇ ಉಳಿಯಿರಿ, ದೇವಸ್ಥಾನ ಸ್ವಲ್ಪ ದೂರವಾದರೂ ಪರವಾಗಿಲ್ಲ.

ಮೊದಲು ಹೋದ ಖಾಸಗಿ ಆಸ್ಪತ್ರೆ ಕಂಪನಿಯ ಪಟ್ಟಿಯಲ್ಲಿತ್ತು. ಕೌಂಟರ್‌ನಲ್ಲಿ ಕಾರ್ಡ್ ನೋಡಿದವರು, "ಈ ಕಂಪನಿದು ಈಗ ನಿಲ್ಲಿಸಿದ್ದೇವೆ, 50 ಸಾವಿರ ಅಡ್ವಾನ್ಸ್ ಕಟ್ಟಿ" ಎಂದರು. ಅಮ್ಮ ಬೆಂಚಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ಆ ಹೊತ್ತಿನಲ್ಲಿ ಜಗಳಕ್ಕೆ ನಿಲ್ಲುವುದು ಹೇಗೆ? ಡ್ರಿಪ್ ಹಾಕಿಸಿಕೊಂಡೇ ಬೇರೆ ಆಸ್ಪತ್ರೆಗಳಿಗೆ ಫೋನ್ ಮಾಡಿದೆವು. ಹೀಗೆ ಫೋನ್ ಮಾಡುವಾಗ ರಿಸೆಪ್ಷನ್‌ನವರನ್ನು ಕೇಳಬೇಡಿ, ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಕೆಲಸ ನೋಡಿಕೊಳ್ಳುವ ಟಿಪಿಎ ಡೆಸ್ಕ್‌ಗೆ ಕೊಡಿ ಎನ್ನಿ. "ಇಂಥ ಕಂಪನಿಯ ಪಾಲಿಸಿಗೆ ಇವತ್ತು ಕ್ಯಾಶ್‌ಲೆಸ್ ಮಾಡುತ್ತೀರಾ?" ಎಂದು ನೇರವಾಗಿ ಕೇಳಿ. ಕಾಶಿಯಲ್ಲೇ ಇರುವ ಲಂಕಾ ಎಂಬ ಬಡಾವಣೆ ಕಡೆಯ ಒಂದು ಆಸ್ಪತ್ರೆಯಲ್ಲಿ ಹೌದು ಎಂದರು. ಅಲ್ಲಿಗೆ ಸೇರಿಸಿದೆವು.

ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಾದರೂ ಸುಮ್ನೆ ಕೈಚೆಲ್ಲಬೇಡಿ. ಅಲ್ಲೂ ಕ್ಯಾಶ್‌ಲೆಸ್ ಕೇಳಬಹುದಾದ 'ಕ್ಯಾಶ್‌ಲೆಸ್ ಎವ್ರಿವೇರ್' ಎಂಬ ವ್ಯವಸ್ಥೆ 2024ರ ಜನವರಿಯಿಂದ ಇದೆ. ತುರ್ತಾಗಿ ಸೇರಿಸಿದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಆದರೆ ಆಸ್ಪತ್ರೆಯೂ ಒಪ್ಪಬೇಕು, ಕಷ್ಟ ಇರುವುದು ಅಲ್ಲೇ.

ರೂಮಿನ ವಿಷಯದಲ್ಲಿ ತುಂಬಾ ಹುಷಾರಾಗಿರಿ. ನಮ್ಮದು 3 ಲಕ್ಷದ ಹಳೆಯ ಪಾಲಿಸಿ. ದಿನದ ರೂಮ್ ಬಾಡಿಗೆಗೆ ಶೇ. 1, ಅಂದರೆ 3,000 ರೂಪಾಯಿ ಮಿತಿ. ಆಸ್ಪತ್ರೆಯವರು "ಅಮ್ಮನಿಗೆ ಆರಾಮಾಗಿರುತ್ತೆ" ಎಂದು 6,000ದ ಸಿಂಗಲ್ ರೂಮ್ ತೋರಿಸಿದರು. ಅದನ್ನು ತೆಗೆದುಕೊಂಡರೆ ಹೆಚ್ಚಿನ ಬಾಡಿಗೆಯಷ್ಟೇ ನಮ್ಮ ತಲೆ ಮೇಲೆ ಬೀಳುವುದಿಲ್ಲ. ಇಂಥ ಪಾಲಿಸಿಗಳಲ್ಲಿ ಡಾಕ್ಟರ್ ಫೀಸು, ನರ್ಸಿಂಗ್ ಚಾರ್ಜು ಕೂಡ ಅದೇ ಲೆಕ್ಕದಲ್ಲಿ ಅರ್ಧ ಕಡಿತವಾಗುತ್ತದೆ. ನಾವು ಇಬ್ಬರು ರೋಗಿಗಳಿರುವ ರೂಮೇ ಸಾಕು ಎಂದೆವು.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಡ್ಯೂಟಿ ಡಾಕ್ಟರ್ ಹಿಂದಿಯಲ್ಲಿ "ಬಿಪಿ ಎಷ್ಟು ವರ್ಷದಿಂದ?" ಎಂದು ಕೇಳುತ್ತಾರೆ. ಗಾಬರಿಯಲ್ಲಿ ಬಾಯಿಗೆ ಬಂದ ವರ್ಷ ಹೇಳಿದರೆ ಅದೇ ಕೇಸ್ ಶೀಟ್‌ಗೆ ಹೋಗುತ್ತದೆ. ಪಾಲಿಸಿ ಮಾಡಿಸುವಾಗ ಬರೆದ ವರ್ಷಕ್ಕೂ ಇದಕ್ಕೂ ತಾಳೆಯಾಗದಿದ್ದರೆ ಕಂಪನಿಯವರು ಪ್ರಶ್ನೆ ಮೇಲೆ ಪ್ರಶ್ನೆ ಕಳಿಸುತ್ತಾರೆ. ಅಮ್ಮನ ಹಳೆಯ ಮಾತ್ರೆ ಚೀಟಿ ನನ್ನ ಮೊಬೈಲಿನಲ್ಲಿತ್ತು. ಅದನ್ನೇ ತೋರಿಸಿ ಬರೆಸಿದೆ.

ಡಿಸ್ಚಾರ್ಜ್ ಚೀಟಿ ಬರೆದ ಮೇಲೆ ಕಾಯಿಸಿದ್ದು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ 1 ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್ಲಿಗೆ 3 ಗಂಟೆಯೊಳಗೆ ಕಂಪನಿ ಉತ್ತರ ಕೊಡಬೇಕು. ಕಂಪನಿ ತಡ ಮಾಡಿದ್ದರಿಂದ ಆಸ್ಪತ್ರೆ ಹೆಚ್ಚು ಬಿಲ್ ಹಾಕಿದರೆ ಅದನ್ನೂ ಕಂಪನಿಯೇ ಕಟ್ಟಬೇಕು. ಸಂಜೆಯಾದರೂ ಉತ್ತರವಿಲ್ಲದಾಗ ಈ ನಿಯಮವನ್ನೇ ಬರೆದು ಕಂಪನಿಗೆ ಇಮೇಲ್ ಕಳಿಸಿದೆ. ಆಮೇಲೆ ಫೈಲು ಅಲ್ಲಾಡಿತು. ಗ್ಲೌಸ್, ಮಾಸ್ಕ್‌ನಂಥ ಸಾಮಾನಿನ ದುಡ್ಡು ನಾವೇ ಕಟ್ಟಿದೆವು. ಅದು ಬಹುತೇಕ ಪಾಲಿಸಿಗಳಲ್ಲಿ ಸಿಗುವುದಿಲ್ಲ.

ಹೊರಗೆ ಬಂದ ಮೇಲೆ ಅಮ್ಮನಿಗೆ ಕಚೋರಿ, ಪೂರಿ ವಾಸನೆಯೇ ಆಗುತ್ತಿರಲಿಲ್ಲ. ಹನುಮಾನ್ ಘಾಟ್ ಸುತ್ತ ದಕ್ಷಿಣದವರು ಹಿಂದಿನಿಂದಲೂ ನೆಲೆಸಿದ್ದಾರೆ. ಅಲ್ಲೊಂದು ಸಣ್ಣ ತಿಂಡಿ ಅಂಗಡಿ ಸಿಕ್ಕಿತು, ಬೋರ್ಡೂ ಇಲ್ಲ. ಮಲ್ಲಿಗೆಯಂಥ ಇಡ್ಲಿ. ಅಮ್ಮನ ಸ್ಥಿತಿ ನೋಡಿದ ಅಂಗಡಿಯಾಕೆ ಚಟ್ನಿ ಬೇಡವೆಂದು ತಾವೇ ತೆಗೆದಿಟ್ಟು, ಅನ್ನ ಮಜ್ಜಿಗೆ ಕಲಸಿ ಚಿಟಿಕೆ ಉಪ್ಪು ಹಾಕಿ ಕೊಟ್ಟರು. ಮಧ್ಯಾಹ್ನಕ್ಕೆ ಗಂಜಿ ಮಾಡಿಡುತ್ತೇನೆ, ಬನ್ನಿ ಎಂದರು. ಹೇಳಿದಂತೆ ಮಾಡಿಟ್ಟಿದ್ದರು. ಇಬ್ಬರಿಗೂ ಸೇರಿ ನೂರು ರೂಪಾಯಿ ದಾಟಲಿಲ್ಲ. ಊರು ಬಿಡುವವರೆಗೆ ನಮ್ಮ ಊಟ, ತಿಂಡಿ ಎಲ್ಲ ಅಲ್ಲೇ.

ಮೊದಲ ಆಸ್ಪತ್ರೆಯ ಡ್ರಿಪ್ ಖರ್ಚನ್ನು ರೀಇಂಬರ್ಸ್‌ಮೆಂಟಿಗೆ, ಅಂದರೆ ನಾವು ಕಟ್ಟಿದ ಹಣ ಕಂಪನಿಯಿಂದ ವಾಪಸು ಪಡೆಯಲು, ಹಾಕಿದೆವು. ಬರೀ ಹೊರರೋಗಿ ಚಿಕಿತ್ಸೆಯಾಗಿದ್ದರೆ ನಮ್ಮ ಪಾಲಿಸಿಯಲ್ಲಿ ಅದು ಸಿಗುತ್ತಿರಲಿಲ್ಲ. ಅದೇ ಕಾಯಿಲೆಗೆ ಮುಂದೆ ಅಡ್ಮಿಟ್ ಆಗಿದ್ದರಿಂದ, ಸೇರುವ ಮುಂಚಿನ ಖರ್ಚು ಎಂದು ಕೊಟ್ಟರು. ಇದಕ್ಕೆ ಮೂಲ ಬಿಲ್ಲು, ಹಣ ಕಟ್ಟಿದ ರಸೀದಿ, ಔಷಧಿ ಚೀಟಿ, ಲ್ಯಾಬ್ ರಿಪೋರ್ಟು ಎಲ್ಲ ಬೇಕು. ಸೀಲು, ಸಹಿ ಇದೆಯಾ ಎಂದು ಕೌಂಟರ್ ಬಿಡುವ ಮುಂಚೆಯೇ ನೋಡಿ. ಬೆಂಗಳೂರಿಗೆ ಬಂದ ಮೇಲೆ ಒಂದು ಸೀಲಿಗಾಗಿ ವಾರಾಣಸಿಗೆ ಹೋಗಲಾಗುತ್ತದಾ?

ವಾಪಸು ಬರುವ ಸಂಘಮಿತ್ರ ರೈಲು ತಪ್ಪಿತು. ನಮ್ಮ ಪಾಲಿಸಿಯಲ್ಲಿ ಟಿಕೆಟ್ ದುಡ್ಡಿಗೆ ಜಾಗವಿಲ್ಲ. ಐಆರ್‌ಸಿಟಿಸಿಯಲ್ಲಿ ಟಿಕೆಟ್ ಜೊತೆ ತೆಗೆದುಕೊಳ್ಳುವ ವಿಮೆ ರೈಲು ಅಪಘಾತದಂಥ ಅನಾಹುತಗಳಿಗೆ ಮಾತ್ರ. ಅಡ್ಮಿಟ್ ಮಾಡಿದ ಕೂಡಲೇ ಮನೆಯಲ್ಲಿರುವ ಯಾರಿಗಾದರೂ ಲಾಗಿನ್ ಕೊಟ್ಟು, ಚಾರ್ಟ್ ಆಗುವ ಮುಂಚೆ ಟಿಕೆಟ್ ರದ್ದು ಮಾಡಿಸಿ. ನಮ್ಮ ತಂಗಿ ಊರಿನಿಂದಲೇ ಮಾಡಿದಳು, ಅರ್ಧ ಹಣವಾದರೂ ವಾಪಸು ಬಂತು.