ಅಮೆರಿಕದ ಸಂಸದರು ಪಾಕಿಸ್ತಾನವನ್ನು ಬೈದರೆ ಏನಾಗುತ್ತೆ?

ವಿದೇಶಾಂಗ ವಿಷಯ ಬರೆಯುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. 2025ರ ಪಹಲ್ಗಾಮ್ ದಾಳಿಯ ನಂತರವಂತೂ ಇನ್ನೂ ಜಾಸ್ತಿಯಾಗಿದೆ. "ಅಮೆರಿಕದ ಸಂಸದರು ಪಾಕ್ ನಾಯಕರನ್ನು ತರಾಟೆಗೆ ತಗೋತಾರೆ. ಉಗ್ರರನ್ನು ಸಾಕ್ತಿದ್ದೀರಿ ಅಂತಾರೆ. ಆಮೇಲೆ ಅದೇ ಅಮೆರಿಕ ಅವರನ್ನ ಊಟಕ್ಕೆ ಕರೆಯುತ್ತೆ. ಹಾಗಾದ್ರೆ ಈ ಖಂಡನೆಯಿಂದ ಏನು ಬಂತು?"

ಈ ಸಿಟ್ಟಿಗೆ ಕಾರಣ ಇದೆ. ಪಹಲ್ಗಾಮ್‌ನಲ್ಲಿ ಸತ್ತವರಲ್ಲಿ ಶಿವಮೊಗ್ಗದವರಿದ್ದರು, ಬೆಂಗಳೂರಿನವರಿದ್ದರು. ಜೂನ್ ಮೊದಲ ವಾರ ನಮ್ಮ ಸರ್ವಪಕ್ಷ ನಿಯೋಗ ವಾಷಿಂಗ್ಟನ್‌ನಲ್ಲಿತ್ತು. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಕೂಡ ಅದರಲ್ಲಿದ್ದರು. ಅದೇ ಹೊತ್ತಿಗೆ ಪಾಕಿಸ್ತಾನದ ಮಾಜಿ ವಿದೇಶಾಂಗ ಸಚಿವ ಬಿಲಾವಲ್ ಭುಟ್ಟೋ ಅವರ ನಿಯೋಗವೂ ಅಲ್ಲಿಗೆ ಬಂದಿತ್ತು. ಜೈಶ್-ಎ-ಮೊಹಮ್ಮದ್ ಸಂಘಟನೆಯನ್ನು ಮಟ್ಟ ಹಾಕಿ ಎಂದು ಕ್ಯಾಲಿಫೋರ್ನಿಯಾದ ಸಂಸದ ಬ್ರಾಡ್ ಶರ್ಮನ್ ಆ ನಿಯೋಗಕ್ಕೆ ನೇರವಾಗಿ ಹೇಳಿದರು. 2002ರಲ್ಲಿ ಕರಾಚಿಯಲ್ಲಿ ಅಪಹರಣಕ್ಕೊಳಗಾಗಿ ಕೊಲೆಯಾದ ಪತ್ರಕರ್ತ ಡೇನಿಯಲ್ ಪರ್ಲ್ ಅವರ ಹೆಸರನ್ನೂ ಎತ್ತಿದರು. ಪರ್ಲ್ ಕುಟುಂಬ ಇರುವುದು ಶರ್ಮನ್ ಅವರ ಕ್ಷೇತ್ರದಲ್ಲೇ. ಇದಾಗಿ ಎರಡು ವಾರವೂ ಕಳೆದಿರಲಿಲ್ಲ, ಜೂನ್ 18ಕ್ಕೆ ಟ್ರಂಪ್ ಅವರು ಪಾಕ್ ಸೇನಾ ಮುಖ್ಯಸ್ಥ ಆಸಿಮ್ ಮುನೀರ್‌ಗೆ ಶ್ವೇತಭವನದಲ್ಲಿ ಊಟ ಹಾಕಿಸಿದರು.

ನನ್ನ ಉತ್ತರ ಇಷ್ಟು. ಬರೀ ಮಾತಿನ ಖಂಡನೆಯಿಂದ ಆಗುವುದು ಕಡಿಮೆ. ಅದೇ ಮಾತು ದುಡ್ಡಿನ ಕಾನೂನಿನೊಳಗೆ ಸೇರಿಕೊಂಡರೆ ಇಸ್ಲಾಮಾಬಾದ್‌ಗೆ ಬಿಸಿ ತಟ್ಟುತ್ತದೆ. ಅಮೆರಿಕದಲ್ಲಿ ಯಾರ ಜೊತೆ ಕೂತು ಮಾತಾಡಬೇಕು ಅನ್ನೋದು ಅಧ್ಯಕ್ಷರಿಗೆ ಬಿಟ್ಟಿದ್ದು. ಬೊಕ್ಕಸದ ಕೀಲಿ ಮಾತ್ರ ಸಂಸತ್ತಿನ ಕೈಯಲ್ಲಿದೆ.

2016ನೇ ಇಸವಿಯನ್ನೇ ತೆಗೆದುಕೊಳ್ಳಿ. ಸೆಪ್ಟೆಂಬರ್ 18ಕ್ಕೆ ಉರಿ ದಾಳಿ ನಡೆಯಿತು. ಎರಡೇ ದಿನಕ್ಕೆ ಟೆಕ್ಸಾಸ್‌ನ ಟೆಡ್ ಪೋ ಮತ್ತು ಕ್ಯಾಲಿಫೋರ್ನಿಯಾದ ಡೇನಾ ರೋರಾಬಾಕರ್ ಮಸೂದೆ ಮಂಡಿಸಿದರು. ಪಾಕಿಸ್ತಾನವನ್ನು ಭಯೋತ್ಪಾದನೆಗೆ ಕುಮ್ಮಕ್ಕು ಕೊಡುವ ದೇಶ ಎಂದು ಘೋಷಿಸಬೇಕು ಅನ್ನೋದು ಅದರ ಸಾರ. ಮರುದಿನವೇ ಪ್ರಧಾನಿ ನವಾಜ್ ಷರೀಫ್ ವಿಶ್ವಸಂಸ್ಥೆಯಲ್ಲಿ ನಿಂತು ಹಿಜ್ಬುಲ್ ಮುಜಾಹಿದ್ದೀನ್‌ನ ಬುರ್ಹಾನ್ ವಾನಿಯನ್ನು ಯುವ ನಾಯಕ ಎಂದು ಹೊಗಳಿದರು. ನಮ್ಮ ಟಿವಿಗಳಲ್ಲಿ ಆ ಮಸೂದೆ ದಿನವಿಡೀ ಓಡಿತು. ಅಲ್ಲಿ ಅದು ಸಮಿತಿಯಲ್ಲೇ ಮೂಲೆ ಸೇರಿತು.

ಅದೇ ವರ್ಷ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಫೆಬ್ರುವರಿಯಲ್ಲಿ ಒಬಾಮಾ ಸರ್ಕಾರ ಪಾಕಿಸ್ತಾನಕ್ಕೆ 8 ಎಫ್-16 ಯುದ್ಧವಿಮಾನ ಮಾರಲು ಒಪ್ಪಿತು. ಒಟ್ಟು ಬೆಲೆ ಸುಮಾರು 70 ಕೋಟಿ ಡಾಲರ್. ಪಾಕಿಸ್ತಾನ ಕೈಯಿಂದ ಕೊಡಬೇಕಿದ್ದದ್ದು 27 ಕೋಟಿಯಷ್ಟು ಮಾತ್ರ, ಉಳಿದದ್ದು ಅಮೆರಿಕದ ಸೇನಾ ನೆರವಿನ ಲೆಕ್ಕದಲ್ಲಿ. ಮಾರಾಟವನ್ನೇ ನಿಲ್ಲಿಸಿ ಎಂದು ಸೆನೆಟರ್ ರ್‍ಯಾಂಡ್ ಪಾಲ್ ಸೆನೆಟ್‌ನಲ್ಲಿ ಪಟ್ಟು ಹಿಡಿದರು. 71–24 ಮತಗಳಿಂದ ಸೋತರು. ಸೆನೆಟ್‌ನ ವಿದೇಶಾಂಗ ಸಮಿತಿಯ ಅಧ್ಯಕ್ಷ ಬಾಬ್ ಕಾರ್ಕರ್ ಬೇರೆ ದಾರಿ ಹಿಡಿದರು. ಮಾರಾಟಕ್ಕೆ ಅವರು ಅಡ್ಡ ಬರಲಿಲ್ಲ. ಅಫ್ಘಾನಿಸ್ತಾನದಲ್ಲಿ ದಾಳಿ ನಡೆಸುತ್ತಿದ್ದ, ತಾಲಿಬಾನ್ ನಂಟಿನ ಹಕ್ಕಾನಿ ಜಾಲದ ಮೇಲೆ ಕ್ರಮ ಆಗುವವರೆಗೆ ನಮ್ಮ ತೆರಿಗೆದಾರರ ದುಡ್ಡು ಮಾತ್ರ ಇದಕ್ಕೆ ಬೇಡ ಎಂದು ತಡೆದರು. ಪೂರ್ತಿ ದುಡ್ಡು ನೀವೇ ಕೊಡಿ ಎಂದಾಗ ಪಾಕಿಸ್ತಾನ ಕೊಡಲಿಲ್ಲ. ಮೇ ತಿಂಗಳಲ್ಲಿ ವ್ಯವಹಾರ ಬಿದ್ದುಹೋಯಿತು. ಉರಿ ದಾಳಿಗೂ ಮುಂಚಿನ ಮಾತು ಇದು. ಎಷ್ಟು ಜನ ಇದನ್ನು ನೆನಪಿಟ್ಟುಕೊಂಡಿದ್ದಾರೆ ಹೇಳಿ?

ಹಕ್ಕಾನಿ ಜಾಲದ ವಿಷಯದಲ್ಲಿ ಸಂಸತ್ತು ಇನ್ನೂ ಜಾಣತನ ತೋರಿಸಿತ್ತು. 2011ರ ಸೆಪ್ಟೆಂಬರ್‌ನಲ್ಲಿ ಕಾಬೂಲ್‌ನ ಅಮೆರಿಕ ರಾಯಭಾರ ಕಚೇರಿ ಮೇಲೆ ದಾಳಿಯಾಯಿತು. ಕೆಲವೇ ದಿನಕ್ಕೆ ಅಮೆರಿಕ ಸೇನೆಯ ಅತ್ಯುನ್ನತ ಅಧಿಕಾರಿ ಅಡ್ಮಿರಲ್ ಮೈಕ್ ಮಲ್ಲೆನ್ ಸೆನೆಟ್ ಸಮಿತಿಯ ಮುಂದೆ ಕೂತು, ಈ ಜಾಲ ಪಾಕ್ ಗುಪ್ತಚರ ಸಂಸ್ಥೆ ಐಎಸ್‌ಐನದೇ ಒಂದು ಕೈ ಇದ್ದ ಹಾಗೆ ಎಂದರು. ಆದರೂ ಅದನ್ನು ಉಗ್ರ ಸಂಘಟನೆಗಳ ಪಟ್ಟಿಗೆ ಸೇರಿಸಲು ವಿದೇಶಾಂಗ ಇಲಾಖೆ ಮೀನಮೇಷ ಎಣಿಸುತ್ತಿತ್ತು. ತಾಲಿಬಾನ್ ಜೊತೆ ಮಾತುಕತೆ ಕೆಡುತ್ತೆ, ಪಾಕಿಸ್ತಾನ ಮುನಿಸಿಕೊಳ್ಳುತ್ತೆ ಎಂಬ ಅಳುಕು. 2012ರಲ್ಲಿ ಸಂಸತ್ತು ಒಂದು ಚಿಕ್ಕ ಕಾನೂನು ಮಾಡಿತು. ಪಟ್ಟಿಗೆ ಸೇರಿಸಿ ಎಂದು ಅದು ಹೇಳಲಿಲ್ಲ. ಈ ಸಂಘಟನೆ ಪಟ್ಟಿಗೆ ಸೇರಲು ತಕ್ಕದ್ದೋ ಅಲ್ಲವೋ, ಅಲ್ಲದಿದ್ದರೆ ಯಾಕೆ ಅಲ್ಲ, 30 ದಿನದೊಳಗೆ ಬರೆದು ತಿಳಿಸಿ ಎಂದಿತು. ಆಗಸ್ಟ್ 10ಕ್ಕೆ ಒಬಾಮಾ ಸಹಿ ಬಿತ್ತು. ಅಷ್ಟೆಲ್ಲ ರಕ್ತ ಹರಿದ ಮೇಲೆ "ತಕ್ಕದ್ದಲ್ಲ" ಎಂದು ಬರೆದು ಕೊಡುವ ಧೈರ್ಯ ಯಾರಿಗಿತ್ತು? ಸೆಪ್ಟೆಂಬರ್ 7ಕ್ಕೆ ಹಿಲರಿ ಕ್ಲಿಂಟನ್ ಹಕ್ಕಾನಿ ಜಾಲವನ್ನು ಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿದರು.

ಆಮೇಲೆ ರಕ್ಷಣಾ ಬಜೆಟ್‌ನಲ್ಲೂ ಷರತ್ತು ಬಂತು. ಪಾಕಿಸ್ತಾನ ಹಕ್ಕಾನಿ ಜಾಲದ ವಿರುದ್ಧ ಸಾಕಷ್ಟು ಕ್ರಮ ಕೈಗೊಂಡಿದೆ ಎಂದು ರಕ್ಷಣಾ ಮಂತ್ರಿ ಪ್ರಮಾಣಪತ್ರ ಕೊಟ್ಟರೆ ಮಾತ್ರ ನೆರವಿನ ಒಂದು ಪಾಲು ಸಿಗುತ್ತಿತ್ತು. 2016ರಲ್ಲಿ ಆ್ಯಶ್ ಕಾರ್ಟರ್ ಕೊಡಲಿಲ್ಲ, 30 ಕೋಟಿ ಡಾಲರ್ ನಿಂತಿತು. ಮರುವರ್ಷ ಜಿಮ್ ಮ್ಯಾಟಿಸ್ ಕೂಡ ಕೊಡಲಿಲ್ಲ.

ಪಾಕಿಸ್ತಾನ ಈ ಆರೋಪಗಳನ್ನು ಒಪ್ಪುವುದಿಲ್ಲ. ನಮ್ಮವರೇ ಉಗ್ರರ ಕೈಯಲ್ಲಿ ಹೆಚ್ಚು ಸತ್ತಿದ್ದಾರೆ ಎನ್ನುತ್ತದೆ. ಅದರಲ್ಲಿ ನೋವು ಇದೆ, ಸುಳ್ಳಲ್ಲ. 2014ರ ಡಿಸೆಂಬರ್‌ನಲ್ಲಿ ಪೆಶಾವರದ ಸೇನಾ ಶಾಲೆಯಲ್ಲಿ 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದರು. ಆದರೆ ತನ್ನ ಮೇಲೆ ತಿರುಗಿಬಿದ್ದವರನ್ನು ಹೊಡೆದು, ಕಾಶ್ಮೀರದ ಕಡೆ, ಕಾಬೂಲಿನ ಕಡೆ ಹೊರಟವರನ್ನು ಸುಮ್ನೆ ಬಿಟ್ಟಿದ್ದೇ ಜಗಳದ ಮೂಲ ಅಲ್ವಾ?

ಈಗ ಆ ಹಿಡಿತ ಸಡಿಲವಾಗಿದೆ. 2018ರಲ್ಲಿ ಟ್ರಂಪ್ ಅವರೇ ಭದ್ರತಾ ನೆರವು ನಿಲ್ಲಿಸಿದರು. 2021ರಲ್ಲಿ ಅಮೆರಿಕದ ಸೇನೆ ಅಫ್ಘಾನಿಸ್ತಾನ ಬಿಟ್ಟಿತು. ತಡೆಯೋಕೆ ಅಂಥ ದೊಡ್ಡ ದುಡ್ಡು ಉಳಿದಿಲ್ಲ. ಹಾಗಾಗಿ ಕಾರ್ಕರ್ ಅವರ ಮಾತಿಗಿದ್ದ ತೂಕ ಶರ್ಮನ್ ಅವರ ಮಾತಿಗೆ ಇಲ್ಲ. ಮನುಷ್ಯ ಒಳ್ಳೆಯ ಮಾತನ್ನೇ ಆಡಿದ್ದಾರೆ, ಆ ಮಾತಿನ ಹಿಂದೆ ಚೆಕ್ ಪುಸ್ತಕ ಇಲ್ಲ.

ಇಸ್ಲಾಮಾಬಾದ್‌ಗೆ ಈಗ ಭಯ ಇರುವುದು ಸಾಲದ ಬಾಗಿಲು ಮುಚ್ಚುತ್ತೆ ಅಂತ. ಉಗ್ರರಿಗೆ ಹೋಗುವ ಹಣದ ಮೇಲೆ ಕಣ್ಣಿಡುವ ಅಂತಾರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್ 2018ರಿಂದ 2022ರವರೆಗೆ ಪಾಕಿಸ್ತಾನವನ್ನು ಬೂದು ಪಟ್ಟಿಯಲ್ಲಿ, ಅಂದರೆ ನಿಗಾ ಇಡಬೇಕಾದ ದೇಶಗಳ ಪಟ್ಟಿಯಲ್ಲಿಟ್ಟಿತ್ತು. ಲಷ್ಕರ್ ಸ್ಥಾಪಕ ಹಫೀಜ್ ಸಯೀದ್‌ಗೆ ಲಾಹೋರ್ ನ್ಯಾಯಾಲಯ ಜೈಲು ಶಿಕ್ಷೆ ಕೊಟ್ಟಿದ್ದು 2020ರ ಫೆಬ್ರುವರಿಯಲ್ಲಿ, ಪ್ಯಾರಿಸ್‌ನಲ್ಲಿ ಎಫ್‌ಎಟಿಎಫ್ ಸಭೆ ಸೇರುವ ಕೆಲವೇ ದಿನ ಮುಂಚೆ. ಪಾಕಿಸ್ತಾನಕ್ಕೆ ಸಾಲ ಕೊಡುವ ಅಂತಾರಾಷ್ಟ್ರೀಯ ಹಣಕಾಸು ನಿಧಿ ಐಎಂಎಫ್‌ನಲ್ಲಿ ಅತಿ ಹೆಚ್ಚು ಮತದ ಪಾಲು ಇರುವುದು ಅಮೆರಿಕಕ್ಕೆ. ತನ್ನ ಪ್ರತಿನಿಧಿ ಅಲ್ಲಿ ಹೇಗೆ ಮತ ಹಾಕಬೇಕು ಎಂದು ಅಮೆರಿಕದ ಸಂಸತ್ತು ಕಾನೂನಿನಲ್ಲೇ ಬರೆಯಬಹುದು, ಬೇರೆ ದೇಶಗಳ ವಿಷಯದಲ್ಲಿ ಬರೆದದ್ದೂ ಇದೆ. ನಮ್ಮ ಸಂಸದರು ಮುಂದಿನ ಸಲ ವಾಷಿಂಗ್ಟನ್‌ಗೆ ಹೋದಾಗ ಇನ್ನೊಂದು ಖಂಡನೆ ಕೇಳುವ ಬದಲು ಕಾನೂನಿನಲ್ಲಿ ಅಂಥ ಒಂದು ಸಾಲು ಬರೆಯಿರಿ ಎಂದು ಕೇಳಲಿ.