ಅಮೀರ್ ಟಾಕೀಸಿನ ಅಮೀರ್ ಯಾರ್ರೀ?

ಹಳೇ ಹಾಡಿನ ಹುಚ್ಚ ಅಂತ ವಿಜಯಪುರದಲ್ಲಿ ನನಗೊಂದು ಹೆಸರಿದೆ. ಹಂಗಾಗಿ ಈ ಪ್ರಶ್ನೆ ನನಗೆ ತಪ್ಪಿದ್ದಲ್ಲ: "ಅಮೀರ್ ಟಾಕೀಸ್ ಅಂತಾರಲ್ರೀ ಸರ, ಆ ಅಮೀರ್ ಯಾರ್ರೀ? ಯಾರರ ಸಾಹುಕಾರೇನ್ರೀ?"

ಸಾಹುಕಾರ ಅಲ್ಲಪಾ, ಹೆಣ್ಣಮಗಳು. ಹಳೇ ಹಿಂದಿ ಸಿನಿಮಾದ ನಟಿ, ಗಾಯಕಿ, ಬೀಳಗಿಯ ಅಮೀರಬಾಯಿ ಕರ್ನಾಟಕಿ. ಆ ಟಾಕೀಸು ಕಟ್ಟಿಸಿದ್ದೇ ಆಕೆ.

ಇಷ್ಟು ಹೇಳಿದರೆ ಸ್ವಲ್ಪ ತಿಳಿದವರು ತಕ್ಷಣ, "ಅವರು ಹಾಡೋರಲ್ರೀ? ನಟಿ ಎಲ್ಲಿ?" ಅಂತಾರೆ. ಇಲ್ಲೇ ನನ್ನ ತಕರಾರು. ಆಕೆ ಮೊದಲು ಬಂದದ್ದೇ ಬಣ್ಣ ಹಚ್ಚಲಿಕ್ಕೆ. ಅಕ್ಕ ಗೋಹರಬಾಯಿ ಆಗಲೇ ಮುಂಬೈ ಸಿನಿಮಾದಲ್ಲಿದ್ದರು; ಅವರ ಕೈಹಿಡಿದು ತಂಗಿಯೂ ಬಂದು 1934ರ 'ವಿಷ್ಣುಭಕ್ತಿ'ಯಲ್ಲಿ ಪಾತ್ರ ಮಾಡಿದರು. ಆವಾಗ ಹಿನ್ನೆಲೆ ಗಾಯನ ಇನ್ನೂ ಬಂದಿರಲಿಲ್ಲ. ಕ್ಯಾಮೆರಾ ಮುಂದೆ ನಿಂತವರೇ ಹಾಡಬೇಕು. ಪೇಟಿ, ತಬಲಾದವರು ಕ್ಯಾಮೆರಾ ಕಣ್ಣಿಗೆ ಬೀಳದಂತೆ ಮರದ ಮರೆಯಲ್ಲೋ ಪರದೆಯ ಆಚೆಗೋ ಕೂತು ನುಡಿಸೋರು. ಅಭಿನಯಕ್ಕೆ ತಲೆ ತಿರುಗಿಸಿದರೆ ದನಿ ಮೈಕಿಗೆ ಸಿಗದು. ಮೈಕಿನ ಕಡೆ ನಿಂತರೆ ಅಭಿನಯ ಕೆಡುತ್ತದೆ. ಅದನ್ನು ಮಾಡಿದವರಿಗೆ ನಟಿ ಅನ್ನದೆ ಮತ್ತಾರಿಗೆ ಅನ್ನೋಣ?

ಹಿನ್ನೆಲೆ ಗಾಯನ ಬಂತು. ಮುಖ ಒಬ್ಬರದು, ದನಿ ಇನ್ನೊಬ್ಬರದು ಆಯಿತು. 1943ರ 'ಕಿಸ್ಮತ್' ಕಲ್ಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಮೂರು ವರ್ಷದ ಮೇಲೆ ಓಡಿತಲ್ಲ, ಅದರ ನಾಯಕಿ ಮುಮ್ತಾಜ್ ಶಾಂತಿ. ಕೊರಳು ನಮ್ಮ ಬೀಳಗಿಯದು. 1948ರಲ್ಲಿ 'ಶಹನಾಜ್' ಚಿತ್ರಕ್ಕೆ ಸಂಗೀತವನ್ನೂ ಆಕೆಯೇ ಕೊಟ್ಟರು. ಹೆಂಗಸರು ಆ ಕುರ್ಚಿಯಲ್ಲಿ ಕೂರುವುದು ಆಗ ಅಪರೂಪ, ಈಗಲೂ ಅಪರೂಪವೇ. (ಗೋಹರಬಾಯಿ ಮುಂದೆ ಮರಾಠಿ ರಂಗಭೂಮಿಯ ಹೆಸರಾಂತ ನಟ ಬಾಲಗಂಧರ್ವರ ನಾಟಕ ಕಂಪನಿ ಸೇರಿ ಅವರ ಬಾಳಸಂಗಾತಿಯಾದರು. ಅದನ್ನು ಬರೆಯಹತ್ತಿದರೆ ಇವತ್ತು ಮುಗಿಯಲ್ಲ.)

ಇನ್ನು ಆ 'ಕರ್ನಾಟಕಿ'. ಆಗ ಬೀಳಗಿ ಇದ್ದದ್ದು ಮುಂಬೈ ಪ್ರಾಂತ್ಯದ ಬಿಜಾಪುರ ಜಿಲ್ಲೆಯಲ್ಲಿ. ಆಕೆ ತೀರಿಕೊಂಡದ್ದು 1965ರಲ್ಲಿ, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟದ್ದು 1973ರಲ್ಲಿ. ಸರ್ಕಾರಕ್ಕೆ ನೆನಪಾಗುವ ಎಷ್ಟೋ ವರ್ಷ ಮೊದಲೇ ಈ ಹೆಸರು ಆಕೆಯ ರೆಕಾರ್ಡುಗಳ ಮೇಲೆ ಹಿಂದಿ ಸೀಮೆಯೆಲ್ಲ ತಿರುಗಿ ಬಂದಿತ್ತು.

ಮೊನ್ನೆ ಆಟೋದಲ್ಲಿ ಹೊರಟಾಗಲೂ ಅದೇ ಪ್ರಶ್ನೆ. ಹೇಳುವುದಕ್ಕಿಂತ ಕೇಳಿಸೋಣ ಅಂತ ಮೊಬೈಲಿನಲ್ಲಿ 'ಗೋರೆ ಗೋರೆ ಓ ಬಾಂಕೆ ಛೋರೆ' ಹಾಕಿದೆ. 1950ರ 'ಸಮಾಧಿ' ಚಿತ್ರದ್ದು. ಡ್ರೈವರ್ ಹುಡುಗ ಸ್ಟೇರಿಂಗ್ ಮೇಲೆ ತಾಳ ಹಾಕಿದ. "ಇದು ಲತಾ ಮಂಗೇಶ್ಕರ್ ಅಲ್ರೀ ಸರ?"

"ಹೌದು. ಜೋಡಿ ಇನ್ನೊಂದು ದನಿ ಐತಿ ನೋಡು. ಸ್ವಲ್ಪ ದಪ್ಪಂದು."

ಸಿಗ್ನಲ್ಲಿನಲ್ಲಿ ಗಾಡಿ ನಿಂತಿತ್ತು. ಕಿವಿಗೊಟ್ಟ. ಹಾಡು ಮುಗಿಯುವಷ್ಟರಲ್ಲಿ ಹಸಿರು ಬಿದ್ದು, ಹಿಂದಿನವರು ಹಾರ್ನ್ ಬಾರಿಸತೊಡಗಿದರು. "ತಡೀರಿ ಸರ, ಸರಿಯಾಗಿ ಕೇಳಲಿಲ್ಲ," ಅಂದ ಗೇರ್ ಹಾಕುತ್ತ, "ಇನ್ನೊಮ್ಮೆ ಹಚ್ಚರಿ."